ರೊಕ್ಕ ಬಂದದ, ಗಡ್ಡ ಕೊಡ್ರಿ

ಶಹಾಪುರದ ಕಾಲುವೆ ಸೇತುವೆ ಪಕ್ಕದ ನಮ್ಮ ಕ್ಷೌರಿಕ ತಿಂಗಳ ಗಿರಾಕಿಗಳ ಮೊಬೈಲ್ ಇಸಿದುಕೊಂಡು, ಒಂದನೇ ತಾರೀಕಿಗೆ ಹಣ ತಾನಾಗಿ ತನ್ನ ಖಾತೆಗೆ ಬರುವಂತೆ ಆಟೋಪೇ ಮಾಡಿಸಿದ. ಅವನಪ್ಪ ಸುಗ್ಗಿಯಲ್ಲಿ ಕಣದ ಜೋಳ ಪಡೆದು, ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡಿದವನು. ಮಗನ ಲೆಕ್ಕವೂ ಅದೇ. ಹಣ ತಾನಾಗಿ ಬಂದರೆ ಕ್ಷೌರಿಕನೂ ತಾನಾಗಿ ಹೋಗಬೇಕು. ಅಂಗಡಿಗೆ ಬಾರದವರನ್ನು ಪೆಟ್ಟಿಗೆ ಹಿಡಿದು ಹುಡುಕುತ್ತಿದ್ದ. ಕಾಲುವೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನನ್ನೂ ಬಿಡಲಿಲ್ಲ.

“ರೊಕ್ಕ ಬಂದದ, ಗಡ್ಡ ಕೊಡ್ರಿ!”

ಹೆಂಡತಿ ಬಸುರಿಯಾದಾಗ, ಹೆರಿಗೆಯ ತನಕ ಗಂಡ ಕ್ಷೌರ ಮಾಡಿಸಬಾರದೆಂಬ ಪದ್ಧತಿಯಂತೆ ನಾನು ಗಡ್ಡ ಬಿಟ್ಟೆ. ಹಣ ಮಾತ್ರ ಹೋಗುತ್ತಲೇ ಇತ್ತು. ಅವನಿಗೆ ನಿದ್ದೆ ಹತ್ತದಾಯಿತು. ತಿಂಗಳು ತಿಂಗಳೂ ಮನೆಗೆ ಬಂದು, ಗಡ್ಡ ಮುಟ್ಟಿ ನೋಡಿ ನಿಟ್ಟುಸಿರು ಬಿಡುತ್ತಿದ್ದ.

“ಬೆಳಿ ಕಟಾವಿಗೆ ಬಂದದ್ರಿ ಸರ, ಕೊಯ್ಯಂಗಿಲ್ಲ.”

ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಒಳಗಿನಿಂದ ಮಗುವಿನ ಅಳು ಕೇಳಿತು. ನಾನು ಬಾಗಿಲಿಗೆ ಓಡಿದೆ. ನರ್ಸ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಕೈ ಬಂದು ನನ್ನ ಗಲ್ಲಕ್ಕೆ ತಣ್ಣನೆಯ ನೊರೆ ಬಳಿಯಿತು.

“ಗಂಡೋ ಹೆಣ್ಣೋ ಆಮ್ಯಾಲ ಕೇಳ್ರಿ ಸರ. ಮದ್ಲು ಗಡ್ಡ ಕೊಡ್ರಿ.”