ಒಂದು ಗೇಣು ಖಾಲಿ ಜಾಗ

ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ಬೂಷ್ಟಿನ ವಾಸನೆ ಹೊಡೆಯಿತು. ಯಶವಂತಪುರದಲ್ಲಿ ಇಪ್ಪತ್ತು ವರ್ಷ ಫೋಟೋ ಸ್ಟುಡಿಯೋ ಇಟ್ಟಿದ್ದವನಿಗೆ ಅದು ಕೆಟ್ಟ ನೆಗೆಟಿವ್‌ನ ವಾಸನೆ ಎಂದು ಯಾರೂ ಹೇಳಬೇಕಿಲ್ಲ. ಕವರಿನ ಮೇಲೆ ನನ್ನದೇ ಅಕ್ಷರ: ‘ಅಣಬೆ ಸಾಹೇಬರು’.

ಎಪ್ಪತ್ತರ ದಶಕದ ಕೊನೆಯ ಮಾತು. ಅವರು ಹೆಬ್ಬಾಳದ ಕಡೆ ಕಾಲೇಜೊಂದರಲ್ಲಿ ವಿಜ್ಞಾನಿ, ಧಾರವಾಡದ ಕಡೆಯವರು. ಮಳೆ ಬಿದ್ದ ಮರುದಿನ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗುವುದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಅಣಬೆಯ ಫೋಟೋ ತೆಗೆಯುವುದು... ನಾಯಿಕೊಡೆಗೂ ಯಾರಾದರೂ ರೀಲು ಸುಡುತ್ತಾರೆಯೇ ಎಂದು ನನಗೆ ಒಳಗೊಳಗೇ ನಗು. ಗಾತ್ರ ತಿಳಿಯಲೆಂದು ಬೇರೆಯವರು ಪಕ್ಕದಲ್ಲಿ ಸ್ಕೇಲ್ ಇಡುತ್ತಾರಂತೆ. ಇವರಿಗೆ ಹೆಂಡತಿಯ ಗೇಣೇ ಅಳತೆ. ಪ್ರತಿ ಚಿತ್ರದಲ್ಲೂ ಎಡಗಡೆಯಿಂದ ಬಂದ ಒಂದು ಕೈ, ಎರಡು ಗಾಜಿನ ಬಳೆ, ಅಗಲಿಸಿದ ಬೆರಳು. ಕಿರುಬೆರಳು ಅಣಬೆಯ ಬುಡಕ್ಕೆ ತಾಗಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ಆಕೆ ತೀರಿಕೊಂಡರು. ಹಾರ ಹಾಕುವ ಫೋಟೋ ಮಾಡಿಸಲು ಅವರು ತಂದ ನೆಗೆಟಿವ್‌ಗಳನ್ನೆಲ್ಲ ಇಬ್ಬರೂ ಕೂತು ನೋಡಿದೆವು. ಅಷ್ಟರಲ್ಲೂ ಮುಖ ಒಂದೂ ಇರಲಿಲ್ಲ... ಬರೀ ಕೈ.

ಮಳೆಗಾಲ ಬಂತು. ಸಾಹೇಬರು ಒಬ್ಬರೇ ಬಂದು ರೀಲು ಕೊಟ್ಟರು. ತೊಳೆದು ನೋಡಿದರೆ ಎಲ್ಲ ಚಿತ್ರದಲ್ಲೂ ಅಣಬೆ ಬಲಮೂಲೆಯಲ್ಲಿ, ಎಡಗಡೆ ಒಂದು ಗೇಣು ನೆಲ ಖಾಲಿ. ಪಾಪ, ದುಃಖದಲ್ಲಿ ಗುರಿ ತಪ್ಪಿದೆ ಎಂದುಕೊಂಡೆ. ಖಾಲಿ ಜಾಗ ಕಂಡರೆ ಕತ್ತರಿಸುವುದು ನಮ್ಮ ಸ್ಟುಡಿಯೋದವರ ಚಾಳಿ. ಆ ಭಾಗ ಬಿಟ್ಟು, ಅಣಬೆಯನ್ನೇ ದೊಡ್ಡದು ಮಾಡಿ ಪ್ರಿಂಟ್ ಹಾಕಿ, ಶಹಬ್ಬಾಸ್ ಅನ್ನುತ್ತಾರೆಂದು ಕಾದೆ.

“ಇದನ್ಯಾಕ ಕತ್ತರಿಸೀರಿ?” ಎಂದರು.

“ಖಾಲಿ ಇತ್ತಲ್ಲ ಸಾರ್, ಅದಕ್ಕೇ...”

“ಅಳತಿ ಅಲ್ಲೇ ಇತ್ತಲ್ರೀ.”

ಅವರ ನೋಟ್‌ಬುಕ್ಕು ಕೌಂಟರಿನ ಮೇಲೆ ತೆರೆದಿತ್ತು. ಹೊಸ ಅಣಬೆಗಳ ಮುಂದೆಯೂ ಬರೆದಿದ್ದರು: ಅರ್ಧ ಗೇಣು, ಮುಕ್ಕಾಲು ಗೇಣು. ಪೂರ್ತಿ ಪ್ರಿಂಟ್ ಹಾಕಿಡಿ ಎಂದು ಹೇಳಿ ಹೊರಟರು.

ಆಮೇಲೆ ನೆಗೆಟಿವ್‌ಗೆ ಭೂತಗನ್ನಡಿ ಹಿಡಿದೆ. ಖಾಲಿ ಜಾಗದಲ್ಲಿ ಹುಲ್ಲು ಒತ್ತಿ ಮಲಗಿತ್ತು, ಯಾರೋ ಅಂಗೈ ಊರಿ ಎದ್ದ ಹಾಗೆ. ಗಾಳಿ ಇರಬಹುದು. ಅವರೇ ಮೊಣಕೈ ಊರಿರಬಹುದು. ಆದರೆ ಎಲ್ಲ ಚಿತ್ರದಲ್ಲೂ? ನೆಗೆಟಿವ್‌ಗಳನ್ನು ಕವರಿಗೆ ತುಂಬಿ ಎತ್ತಿಟ್ಟೆ.

ಅವರು ಇನ್ನೆರಡು ಸಲ ಬಂದರು. ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಾರಲ್ಲ, ಹಾಗೆ ನಾನೂ ಎರಡು ಸಲವೂ “ನಾಳೆ ಬನ್ನಿ ಸಾರ್” ಎಂದೆ. ಮದುವೆ ಆರ್ಡರುಗಳ ನೆಪ ಹೇಳಿದೆ. ನಿಜವೆಂದರೆ, ಡಾರ್ಕ್‌ರೂಮಿನಲ್ಲಿ ಒಬ್ಬನೇ ನಿಂತು, ಆ ಖಾಲಿ ಜಾಗ ಟ್ರೇಯಲ್ಲಿ ಮೆಲ್ಲಗೆ ಮೂಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಮತ್ತೆ ಅವರು ಬರಲಿಲ್ಲ. ಹಾರ್ಟ್ ಅಟ್ಯಾಕ್ ಅಂತೆ, ಅವರ ಕಾಲೇಜಿನ ಜವಾನ ಬಂದು ಹೇಳಿದ.

ಇವತ್ತು ಆ ನೆಗೆಟಿವ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಣಬೆಗಳು ಹಾಗೇ ಇವೆ. ಬೂಷ್ಟು ಹಿಡಿದಿರುವುದು ಖಾಲಿ ಜಾಗಕ್ಕೆ ಮಾತ್ರ. ಬೂಷ್ಟೂ ಅಣಬೆಯ ಕುಲವೇ ಎಂದು ಹಿಂದೊಮ್ಮೆ ಅವರೇ ಹೇಳಿದ್ದರು. ಅದು ಎಡ ಅಂಚಿನಿಂದ ಹೊರಟು, ಐದಾಗಿ ಕವಲೊಡೆದು, ಅಣಬೆಯ ಬುಡ ಮುಟ್ಟಿ ನಿಂತಿದೆ...

ಒರೆಸಲು ಬಟ್ಟೆ ಎತ್ತಿಕೊಂಡವನು ಕೆಳಗಿಟ್ಟೆ. ಆಕೆಯನ್ನು ಒಂದು ಸಲ ಕತ್ತರಿಸಿ ತೆಗೆದದ್ದು ಸಾಕು. ಈಗಲಾದರೂ ಪೂರ್ತಿ ಪ್ರಿಂಟ್ ಹಾಕೋಣವೆಂದರೆ ಡಾರ್ಕ್‌ರೂಮೂ ಇಲ್ಲ, ನಾಳೆ ಬರುವವರೂ ಇಲ್ಲ.