ಗುಂಡಿಗೆ ಹೆಪ್ಪು ಹಾಕಿದ ಸೇಸಮ್ಮ

ಲಾಯಿಲದ ಸೇಸಮ್ಮನ ಹಟ್ಟಿಗೆ ಬಂದವರು ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸುತ್ತಿದ್ದರು. ಅಷ್ಟು ಚೊಕ್ಕ. ಅಲ್ಲಿಯ ಎರಡು ದನಗಳಿಗೂ ಸೆಗಣಿ ಹಾಕುವ ಮೊದಲು ಆಕೆಯ ಮುಖ ನೋಡುವ ಅಭ್ಯಾಸವಾಗಿತ್ತು. ಪಕ್ಕದ ಮನೆಯ ಮೈದುನ ಮುಂಡಪ್ಪನ ಹಟ್ಟಿಯ ಸುದ್ದಿಯನ್ನು ಮಾತ್ರ ಆಕೆ ಮೂಗು ಮುಚ್ಚಿಕೊಂಡೇ ಆಡುತ್ತಿದ್ದಳು.

ಆಕೆಯ ಇನ್ನೊಂದು ಹೆಮ್ಮೆ ಹಿತ್ತಿಲಿನ ಗೋಬರ್ ಗ್ಯಾಸ್. ಗಂಡ ಶೇಷಪ್ಪ ಬೇಡವೆಂದರೂ ಹಠ ಹಿಡಿದು ತೋಡಿಸಿದ ಗುಂಡಿ. ಅದರ ಮೇಲೆ ಕವುಚಿದ ಕಬ್ಬಿಣದ ಡ್ರಮ್ಮನ್ನು ಇಳಿಸುವಾಗ ನಾಲ್ಕು ಗಂಡಸರ ಸೊಂಟ ಹಿಡಿದಿತ್ತು. ಗ್ಯಾಸ್ ತುಂಬಿದರೆ ಡ್ರಮ್ ಮೇಲೇಳಬೇಕು, ಮುಗಿದರೆ ಇಳಿಯಬೇಕು. ಇಪ್ಪತ್ತೆರಡು ವರ್ಷ ಅದು ಹಾಗೆಯೇ ಎದ್ದು ಇಳಿದಿತ್ತು.

ಈ ಮಾರ್ಚ್‌ನಲ್ಲಿ ಇಳಿದದ್ದು ಏಳಲಿಲ್ಲ.

"ಅದಕ್ಕೂ ವಯಸ್ಸಾಯ್ತು ಮಾರಾಯ್ತಿ," ಎಂದ ಶೇಷಪ್ಪ, ಸೋತ ಗುಂಡಿಯ ಎದುರು ಗೆದ್ದವನ ಹಾಗೆ ನಿಂತು. "ಬಿಸು ಹಬ್ಬ ಕಳೆದ ಮರುದಿನ ಜೆಸಿಬಿ ಬರ್ತದೆ. ಮುಚ್ಚಿಸಿ ಬಿಡುವ."

ಮಿಜಾರಿನ ಕಾಲೇಜಿನಲ್ಲಿ ಓದುವ ಮೊಮ್ಮಗಳು ವಿಸ್ಮಿತಾ ಆ ಭಾನುವಾರ ಮನೆಯಲ್ಲಿದ್ದಳು. ಹಟ್ಟಿಯಿಂದ ಗುಂಡಿಗೆ ಹೋಗುವ ಚರಂಡಿಯ ಬಳಿ ಕುಳಿತು ಮೂಸಿದಳು.

"ಅಜ್ಜೀ, ಇದೇನು, ಆಸ್ಪತ್ರೆಯ ವಾಸನೆ?"

"ಫಿನಾಯಿಲ್. ಈ ವರ್ಷ ನೊಣ ಜಾಸ್ತಿ ಅಂತ ದಿನಾ ಎರಡು ಹೊತ್ತು ತೊಳೀತೇನೆ."

"ಹಾಗಾದ್ರೆ ಒಳಗೆ ಕೆಲಸ ಮಾಡುವವರನ್ನೆಲ್ಲ ನೀವೇ ಕೊಂದದ್ದು. ಬ್ಯಾಕ್ಟೀರಿಯಾ ಅಜ್ಜಿ! ದನದ ಹೊಟ್ಟೆಯಲ್ಲಿ ಇರುವಂಥದ್ದೇ ಗುಂಡಿಯಲ್ಲೂ ಉಂಟು. ನೀರು, ಬಿಸುಪು, ಗಾಳಿಯಾಡದ ಜಾಗ, ಹೊಟ್ಟೆಗೆ ಸೆಗಣಿ. ಅಷ್ಟು ಕೊಟ್ರೆ ಒಂದು ಎರಡಾಗ್ತದೆ, ಎರಡು ನಾಲ್ಕಾಗ್ತದೆ."

"ಗುಂಡಿಯಲ್ಲಿ ಮಾತ್ರವಾ?"

"ನಿಮ್ಮ ಅಂಗೈಯಲ್ಲಿ, ಬಾಯಲ್ಲಿ, ಮೊಸರಲ್ಲಿ. ಒಂದು ಚಿಟಿಕೆ ಮಣ್ಣಲ್ಲಿ ಕೋಟಿಗಟ್ಟಲೆ."

ಸೇಸಮ್ಮ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಅರುವತ್ತೆಂಟು ವರ್ಷ ತೊಳೆದ ಕೈ. ಇಷ್ಟೊಂದು ಒಕ್ಕಲು ಕುಳಿತದ್ದು ಮನೆಯೊಡತಿಗೇ ಗೊತ್ತಿರಲಿಲ್ಲ! ಹೇಸಿಗೆಯಾಗಬೇಕಿತ್ತು, ಆದದ್ದು ಬೆರಗು.

"ಸತ್ತವರನ್ನು ಪುನಃ ತರುವುದು ಹೇಗೆ?"

"ಹಾಲನ್ನು ಮೊಸರು ಮಾಡುವುದು ಹೇಗೆ?"

"ಹೆಪ್ಪು ಹಾಕಿ." ಹೇಳಿದ ಕೂಡಲೇ ಆಕೆಗೆ ಅರ್ಥವಾಯಿತು. ಅರ್ಧ ಗುಂಡಿ ಬರಿದು ಮಾಡಿ, ಹೊಸ ಸೆಗಣಿ ಕದಡಿ, ಚೆನ್ನಾಗಿ ಗ್ಯಾಸ್ ಕೊಡುವ ಬೇರೊಂದು ಗುಂಡಿಯ ಬಗ್ಗಡವನ್ನು ಹೆಪ್ಪಾಗಿ ಸುರಿಯಬೇಕು. ಅಂಥ ಗುಂಡಿ ಹತ್ತಿರದಲ್ಲಿ ಒಂದೇ ಇತ್ತು. ಮುಂಡಪ್ಪನದ್ದು.

ಕೊಡ ಹಿಡಿದು ಬಂದ ಅತ್ತಿಗೆಯನ್ನು ಕಂಡು ಮುಂಡಪ್ಪ ಪೇಪರ್ ಮಡಚಿಟ್ಟ. "ನನ್ನ ಹಟ್ಟಿಯಲ್ಲಿ ನೊಣವೂ ಮೂಗು ಮುಚ್ಚಿಕೊಳ್ತದೆ ಅಂತ ಯಾರೋ ಹೇಳಿದ್ರಲ್ಲ ಅತ್ತಿಗೆ?"

"ನಾನೇ ಹೇಳಿದ್ದು. ಈಗ ಕೊಡ್ತೀಯಾ, ಇಲ್ವಾ?"

"ಬೇಕಾದಷ್ಟು ಕೊಂಡುಹೋಗಿ. ನೊಣ ಬೇಕಾದ್ರೆ ಅದೂ ಉಂಟು."

ಇಪ್ಪತ್ತು ಕೊಡ ಹೊತ್ತದ್ದಾಯಿತು. ಫಿನಾಯಿಲ್ ಬಾಟಲಿ ಅಟ್ಟ ಸೇರಿತು. ಡ್ರಮ್ಮಿನ ಬದಿಗೆ ಮಸಿಯ ಗೀಟೆಳೆದು ಸೇಸಮ್ಮ ದಿನಾ ಬೆಳಿಗ್ಗೆ ನೋಡಿದಳು. ಎರಡು ವಾರ ಗೀಟು ಅಲುಗಲಿಲ್ಲ. ಆಮೇಲೊಂದು ದಿನ ಎರಡು ಬೆರಳಿನಷ್ಟು ಮೇಲೆ ಇತ್ತು. ಮಾರನೆಯ ದಿನ ಒಂದು ಗೇಣು.

ಬಿಸುವಿನ ಬೆಳಿಗ್ಗೆ ನೀಲಿ ಬೆಂಕಿಯ ಮೇಲೆ ಪಾಯಸ ಕುದಿಯಲು ಬಿಟ್ಟು ಆಕೆ ಶೇಷಪ್ಪನನ್ನು ಹಿತ್ತಿಲಿಗೆ ಕರೆದಳು. ನಾಲ್ಕು ಗಂಡಸರ ಸೊಂಟ ಹಿಡಿಸಿದ ಡ್ರಮ್ಮನ್ನು ಕಣ್ಣಿಗೆ ಕಾಣದವರು ಸೊಂಟದೆತ್ತರಕ್ಕೆ ಎತ್ತಿ ನಿಲ್ಲಿಸಿದ್ದರು.

ಶೇಷಪ್ಪ ಜೇಬಿನಿಂದ ಮೊಬೈಲ್ ತೆಗೆದ. ನಾಳೆ ಬರುವುದು ಬೇಡ ಎನ್ನಲು ಜೆಸಿಬಿಯವನ ನಂಬರ್ ಹುಡುಕುತ್ತ ಕೇಳಿದ, "ಇವಕ್ಕೆ ಹಬ್ಬಕ್ಕೂ ರಜೆ ಇಲ್ವಾ?"