ತಪ್ಪು ಕತ್ತರಿಯ ಒಡತಿ

ಬೀದಿಗೆಲ್ಲ ಅವಳು ಎಡಗೈ ಅತ್ತೆ. ಬಾಗಿಲ ಚಿಲಕ ತೆಗೆಯುವುದರಿಂದ ಹಿಡಿದು ಗಂಡನ ಕಿವಿ ಹಿಂಡುವವರೆಗೆ ಎಲ್ಲಕ್ಕೂ ಅವಳಿಗೆ ಎಡಗೈಯೇ ಆಗಬೇಕು. ನಲವತ್ತೊಂದು ವರ್ಷ ಆ ಕೈಯಲ್ಲೇ ಊರ ಕುರಿಗಳ ಉಣ್ಣೆ ಕತ್ತರಿಸಿದಳು. ಅವಳ ಕತ್ತರಿ ನಮ್ಮ ನಿಮ್ಮ ಮನೆಯ ಕತ್ತರಿಯಂಥದ್ದಲ್ಲ. ಒಂದೇ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಎರಡು ತುದಿಗೂ ಅಲಗು ಎಬ್ಬಿಸಿದ್ದು. ಅದುಮಿದರೆ ಮುಚ್ಚುತ್ತದೆ, ಬಿಟ್ಟರೆ ತಾನೇ ಬಾಯಿ ತೆರೆಯುತ್ತದೆ. ಕಮ್ಮಾರನಾಗಿದ್ದ ಸೋದರಮಾವ ಅವಳಿಗೆಂದೇ ಅಲಗುಗಳನ್ನು ಅದಲು ಬದಲು ಮಾಡಿ ಬಡಿದುಕೊಟ್ಟಿದ್ದ. ಬಲಗೈಯವರು ಹಿಡಿದರೆ ಅದು ಒಂದೆಳೆಯನ್ನೂ ಕತ್ತರಿಸುತ್ತಿರಲಿಲ್ಲ.

ಹೋದ ವರ್ಷ ದೊಡ್ಡಿಯ ಬೇಲಿ ಹಾರಲು ಹೋಗಿ ಎಡ ಮಣಿಕಟ್ಟು ಮುರಿದುಕೊಂಡಳು. ಅರವತ್ತಮೂರರ ಹೆಂಗಸು ಬೇಲಿ ಯಾಕೆ ಹಾರಬೇಕು ಅಂತೀರಾ? ಗೇಟು ಹತ್ತು ಹೆಜ್ಜೆ ದೂರವಿತ್ತು, ಅಷ್ಟೇ! ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, "ಚಮಚ ಹಿಡಿಯೋಕೆ ಬಂದ್ರೆ ಸಾಕು ಅನ್ಕೊಳ್ಳಿ" ಎಂದುಬಿಟ್ಟರು.

ಕಣ್ಣೆದುರಿಗಿದ್ದರೆ ಕೊರಗುತ್ತಾಳೆ ಎಂದು ಗಂಡ ಅವಳ ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿದ. ಗೊರಸು ಕೆತ್ತುವ ಬಾಗಿದ ಚೂರಿ, ಕುರಿಯ ಕಾಲಿಗೆ ಕೊಕ್ಕೆ ಹಾಕಿ ಹಿಡಿಯುವ ಕೋಲು, ಉಣ್ಣೆ ಹಿಕ್ಕುವ ಹಣಿಗೆ, ಆ ಕತ್ತರಿ. ಹಳೆಯ ಸಾಮಾನುಗಳ ಪ್ರದರ್ಶನ ಮಾಡುತ್ತೇವೆ ಎಂದು ಕೇಳಿಕೊಂಡು ಬಂದವರಿಗೆ ಚೀಲವನ್ನು ಹಾಗೇ ಎತ್ತಿಕೊಟ್ಟ. ಅವಳನ್ನು ಒಂದು ಮಾತು ಕೇಳಬೇಡವೇ ಮಹಾರಾಯ? ವಾರವಿಡೀ ಅವಳು ಅವನಿಗೆ ಉಪ್ಪಿಲ್ಲದ ಸಾರು ಬಡಿಸಿದಳು. ಆಮೇಲೆ ದಿನಾ ಬಚ್ಚಲಿನ ಬಾಗಿಲು ಹಾಕಿಕೊಂಡು ರಬ್ಬರ್ ಚೆಂಡು ಹಿಸುಕತೊಡಗಿದಳು.

"ಅಷ್ಟು ಹೊತ್ತು ಒಳಗೇನು ಮಾಡ್ತೀಯೇ?"

"ಹಾಡು ಕಲೀತಿದೀನಿ ರೀ."

ಏಳು ತಿಂಗಳು ಹಾಡು ಕಲಿತಳು. ಆದರೆ ಚೆಂಡು ಬೇರೆ, ಕತ್ತರಿ ಬೇರೆ. ಕೈ ಮತ್ತೆ ಕುರಿಯ ಮೇಲೆ ಓಡುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಓಡದಿದ್ದರೆ ತಾನು ಯಾರು ಎಂದು ಯೋಚಿಸಿದಾಗೆಲ್ಲ ಚೆಂಡನ್ನು ಇನ್ನಷ್ಟು ಬಿಗಿಯಾಗಿ ಹಿಸುಕುತ್ತಿದ್ದಳು.

ಪ್ರದರ್ಶನ ಶುರುವಾದದ್ದು ಉಣ್ಣೆಯ ಹಳೇ ಗೋದಾಮಿನಲ್ಲಿ. ನೋಡಿಕೊಳ್ಳಲು ಪಕ್ಕದ ಊರಿನಿಂದ ಬಂದ ನಿವೃತ್ತ ಮೇಷ್ಟ್ರು. ಮಕ್ಕಳು ನೋಡಲೆಂದು ಮೂಲೆಯ ಕಟಕಟೆಯಲ್ಲಿ ಮೈತುಂಬ ಉಣ್ಣೆ ಹೊತ್ತ ಒಂದು ಕುರಿ. ಗಾಜಿನ ಪೆಟ್ಟಿಗೆಯಲ್ಲಿ ಅವಳ ಕತ್ತರಿ. ಗಂಡನ ಜೊತೆ ನೋಡಲು ಬಂದವಳು ಕೆಳಗಿನ ಚೀಟಿ ಓದಿದ್ದೇ ತಡ, ಅವಳ ಪಿತ್ತ ನೆತ್ತಿಗೇರಿತು: "ಕಮ್ಮಾರನ ಕೈತಪ್ಪಿನಿಂದ ಅಲಗು ತಿರುವುಮುರುವಾದ ಕತ್ತರಿ. ಬಳಕೆಗೆ ಬಾರದ್ದು."

"ಯಾರ್ರೀ ಇದನ್ನ ಬರೆದಿದ್ದು?"

"ನಾನೇ ಅಮ್ಮ. ಹತ್ತು ಸಲ ಹಿಡಿದು ನೋಡ್ದೆ. ಕಾಗದ ಕೂಡ ಕತ್ತರಿಸಲ್ಲ, ಮಡಚುತ್ತೆ."

"ಯಾವ ಕೈಲಿ ಹಿಡಿದ್ರಿ?"

ಮೇಷ್ಟ್ರು ತಮ್ಮ ಬಲಗೈ ನೋಡಿಕೊಂಡರು. ಅವಳು ಎಡಗೈ ಚಾಚಿದಳು. "ತೆಗೀರಿ ಪೆಟ್ಟಿಗೆ."

"ಬೇಡ ಕಣೇ, ಕೈ..." ಎಂದು ಗಂಡ ಸೆರಗು ಹಿಡಿದ. ಅವಳು ಸೆರಗು ಬಿಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಮೇಷ್ಟ್ರು ಒಳ್ಳೆಯವರು, ಬೀಗ ತೆಗೆದರು.

ಕಟಕಟೆಗೆ ನುಗ್ಗಿ ಕುರಿಯನ್ನು ಬುಡದ ಮೇಲೆ ಕೂರಿಸಿ, ಅದರ ಬೆನ್ನನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡಳು. ಅದು ಆರಾಮ ಕುರ್ಚಿ ಸಿಕ್ಕ ಹಾಗೆ ಸುಮ್ಮನಾಯಿತು. ಅತ್ತೆ ಕತ್ತರಿ ಅದುಮಿದಳು. ಮುಚ್ಚಲಿಲ್ಲ! ನೋಡಲು ಬಂದಿದ್ದ ಜನ ಕಟಕಟೆಯ ಸುತ್ತ ಸೇರಿದರು. "ಏ ಕೈಯೇ, ಇಷ್ಟು ಜನರ ಮುಂದೆ ಮಾನ ಕಳೀಬೇಡ ಕಣೇ" ಎಂದು ಅದನ್ನೇ ಬೈದಳು. ಮತ್ತೆ ಅದುಮಿದಳು.

ಚರಕ್!

ಆಮೇಲೆ ನಿಂತರೆ ತಾನೇ? ಚರಕ್ ಚರಕ್ ಎಂದು ಹೊಟ್ಟೆಯಿಂದ ಪಕ್ಕೆಗೆ, ಪಕ್ಕೆಯಿಂದ ಕತ್ತಿಗೆ. ಮಣಿಕಟ್ಟು ಉರಿಯುತ್ತಿತ್ತು, ಅವಳು ನಗುತ್ತಿದ್ದಳು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಇಡೀ ಉಣ್ಣೆ ಒಂದೇ ಕೋಟಿನ ಹಾಗೆ ಕಳಚಿ ಬಿತ್ತು. ಕುರಿ ತನ್ನ ಬೆಳ್ಳನೆ ಮೈ ತಾನೇ ನೋಡಿಕೊಂಡು ಗಾಬರಿಯಾಗಿ, ಕಟಕಟೆ ಹಾರಿ, ಮೇಷ್ಟ್ರ ಕಾಲಡಿ ನುಗ್ಗಿ ಗೋದಾಮನ್ನೆಲ್ಲ ಮೂರು ಸುತ್ತು ಓಡಿತು. ಹಿಂದೆ ಕಿರುಚುತ್ತ ಮಕ್ಕಳು. ನೆಲದ ಮೇಲೆ ಕುಕ್ಕರಿಸಿದ ಮೇಷ್ಟ್ರಿಗಂತೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಗಂಡ ಮಾತ್ರ ಅಳುತ್ತಿದ್ದ. "ನಿನ್ ಕೈ ಮುಗೀತು ಅನ್ಕೊಂಡೆ ಕಣೇ. ನಿನ್ನ ಕೇಳದೆ ಕೊಟ್ಟುಬಿಟ್ಟೆ."

ಅವಳು ಹತ್ತಿರ ಬಂದು, ವರ್ಷದಿಂದ ಮುಟ್ಟದ ಅವನ ಕಿವಿಯನ್ನು ಎಡಗೈಯಲ್ಲೇ ಹಿಡಿದು ಹಿಂಡಿದಳು.

"ಅಯ್ಯಯ್ಯೋ, ನೋಯುತ್ತೆ ಕಣೇ!"

"ಎಷ್ಟು?"

"ತುಂಬಾ! ಮೊದಲಿನಷ್ಟೇ!"

"ನಿಜವಾಗ್ಲೂ?" ಎಂದಳು. ಅವಳ ಕಣ್ಣೂ ತುಂಬಿತು. ಸಮಾಧಾನಕ್ಕೆ ಇನ್ನೊಂದು ಸಲ ಹಿಂಡಿದಳು.

ಮರುದಿನ ಪ್ರದರ್ಶನಕ್ಕೆ ಬಂದವರಿಗೆ ಆ ಗಾಜಿನ ಪೆಟ್ಟಿಗೆ ಖಾಲಿ ಕಂಡಿತು. ಒಳಗೆ ಮೇಷ್ಟ್ರ ದುಂಡಕ್ಷರದ ಹೊಸ ಚೀಟಿಯಿತ್ತು: "ಎಡಗೈ ಅತ್ತೆಯ ಕತ್ತರಿ. ಕೆಲಸಕ್ಕೆ ಹೋಗಿದೆ."